ಚಾಕು ಮಸೆಯಲು ಹೋಗಿ ತೊಗಲಿನ ಚರಿತ್ರೆ ಓದಿದ್ದು

ರಿಟೈರ್ ಆದ ಮೇಲೆ ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೀನ್ಸು, ಕ್ಯಾರೆಟ್ಟು ಹೇಗೋ ನಡೆಯುತ್ತದೆ. ಟೊಮೇಟೊ ಬಂದಾಗ ಮಾತ್ರ ಚಾಕುವಿನ ಬಂಡವಾಳ ಬಯಲಾಗುತ್ತದೆ. ಸಿಪ್ಪೆ ಸೀಳುವ ಬದಲು ಒತ್ತಿ ಅಪ್ಪಚ್ಚಿ ಮಾಡಿ, ರಸವನ್ನೆಲ್ಲ ಹಲಗೆಯ ಮೇಲೆ ಹರಿಸಿ, ಕೊನೆಗೆ "ಇದಕ್ಕಿಂತ ಕೈಯಲ್ಲೇ ಹಿಸುಕಿಬಿಡಿ" ಅಂತ ಹೆಂಡತಿಯಿಂದ ಅನ್ನಿಸಿಕೊಳ್ಳಬೇಕು.

ನಾನು ಮದರಾಸಿಗೆ ಬಂದ ಹೊಸದರಲ್ಲಿ, ಅಂದರೆ 1981ರಲ್ಲಿ, ಈ ಸಮಸ್ಯೆಗೆ ಬೀದಿಯಲ್ಲೇ ಪರಿಹಾರವಿತ್ತು. ಸೈಕಲ್ಲಿಗೆ ಸಾಣೆ ಚಕ್ರ ಕಟ್ಟಿಕೊಂಡು, "ಸಾಣೈ ಪಿಡಿಕ್ಕಿರದೂ..." ಅಂತ ರಾಗವಾಗಿ ಕೂಗುತ್ತಾ ಬರುವವರಿದ್ದರು. ತಮಿಳು ಬಾರದ ನನಗೆ ಮೊದಲು ಅರ್ಥವಾದ ಬೀದಿ ಕೂಗು ಅದೇ ಇರಬೇಕು. ಸಾಣೆ ಹಿಡಿಯೋದು ನಮ್ಮಲ್ಲೂ ಸಾಣೆ ಹಿಡಿಯೋದೇ ತಾನೆ! ಈಗ ನಮ್ಮ ಪಶ್ಚಿಮ ಮಾಂಬಲದ ಬೀದಿಗೆ ಅಂಥವರು ಅಪರೂಪಕ್ಕೆ ಬರುತ್ತಾರೆ. ಬಂದರೂ ಕಿಡಿ ಹಾರಿಸಿ ಕೊಟ್ಟ ಹರಿತ ಒಂದು ವಾರಕ್ಕೆ ಮುಗಿಯುತ್ತದೆ.

ಹಾಗಾಗಿ ಒಂದು ಮಸೆಗಲ್ಲು ತಂದೆ. ಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಏನೋ ಒಂದು ಕಮ್ಮಿ. ಬೆರಳ ತುದಿಯಿಂದ ನೋಡಿದರೆ ಅಂಚು ತರಿತರಿ. ಆಗ ಥಟ್ಟನೆ ನೆನಪಾಯಿತು: ನಮ್ಮ ಊರಿನ ಕ್ಷೌರಿಕರ ಹಡಪದಲ್ಲಿ ಕಲ್ಲಿನ ಜೊತೆ ಒಂದು ತೊಗಲಿನ ಪಟ್ಟಿಯೂ ಇರುತ್ತಿತ್ತಲ್ಲ? ಕಲ್ಲಿಗೆ ಉಜ್ಜಿದ ಮೇಲೆ ಕತ್ತಿಯನ್ನು ಆ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದು, ಕಡೆಯದಾಗಿ ಅಂಗೈ ಮೇಲೆ ಎರಡು ಸಲ ಸವರಿ, ಆಮೇಲೆ ತಲೆಗೆ ಕೈ ಹಾಕುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟ್ರಾಪ್ ಅನ್ನುತ್ತಾರೆ.

ಅದರ ಕೆಲಸ ಸರಳ. ಕಲ್ಲು ಕಬ್ಬಿಣವನ್ನು ಸವೆಸುತ್ತದೆ. ಸವೆಸುವಾಗ ಅಂಚಿನ ತುತ್ತತುದಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಎಳೆಯೊಂದು ಒಂದು ಪಕ್ಕಕ್ಕೆ ಬಾಗಿ ನಿಲ್ಲುತ್ತದೆ. ಅದಿರುವ ತನಕ ಚಾಕು ಹರಿತವಾಗಿದ್ದೂ ಹರಿತವಲ್ಲ. ತೊಗಲಿನ ಮೇಲೆ ಎಳೆದಾಗ ಆ ಎಳೆ ಉದುರುತ್ತದೆ, ಉಳಿದದ್ದು ನೆಟ್ಟಗಾಗುತ್ತದೆ, ಅಂಚು ನುಣುಪಾಗುತ್ತದೆ. ಇಷ್ಟೇ. ಒಂದು ತೊಗಲಿನ ಚೂರು, ಒಂದು ಮರದ ಹಲಗೆ, ಸ್ವಲ್ಪ ಅಂಟು ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು.

ತೊಗಲಿಗೇನು ಬರ? ನಾನಿರುವುದು ಚೆನ್ನೈಯಲ್ಲಿ! ಸೆಂಟ್ರಲ್ ಸ್ಟೇಷನ್ನಿಗೆ ಹತ್ತಿರದ ಪೆರಿಯಮೇಟ್‌ಗೆ ಹೋದರೆ ಬೀದಿಗಟ್ಟಲೆ ಚರ್ಮದ ಅಂಗಡಿಗಳು. ಹೋದೆ. ಮೆತ್ತಗೆ, ನುಣ್ಣಗೆ, ಕಪ್ಪಗಿದ್ದ ಒಂದು ಚೂರನ್ನು ಆರಿಸಿ ತಂದು ಹಲಗೆಗೆ ಅಂಟಿಸಿ ಚಾಕು ಎಳೆದರೆ, ಇದ್ದ ಹರಿತವೂ ಹೋಯಿತು! ಮತ್ತೆ ಹೋಗಿ ಅಂಗಡಿಯ ಬಾಯ್ ಅವರಿಗೆ ಚಾಕು ವಿಷಯ ಹೇಳಿದೆ. ಅವರು ನಕ್ಕರು. "ಮೊದಲೇ ಹೇಳಬಾರದಾ ಸಾರ್? ನೀವು ತಗೊಂಡದ್ದು ಕ್ರೋಮ್. ಶೂ ಮೇಲಿನ ಭಾಗಕ್ಕೆ ಸರಿ. ಸ್ಪಂಜಿನ ಥರ ಒಳಕ್ಕೆ ಹೋಗತ್ತೆ, ಕತ್ತಿ ಬಾಯಿ ದುಂಡಗಾಗತ್ತೆ. ನಿಮಗೆ ಬೇಕಾದ್ದು ಈ.ಐ." ಅಂತ ಒಳಗಿಂದ ಕಂದು ಬಣ್ಣದ ಗಟ್ಟಿ ಪಟ್ಟಿಯೊಂದನ್ನು ತಂದು ಕೊಟ್ಟರು. ಎರಡನ್ನೂ ಕತ್ತರಿಸಿದ ಅಂಚು ಹಿಡಿದು ತೋರಿಸಿದರು. ಕ್ರೋಮ್ ತೊಗಲಿನ ಒಳಗೆ ಬೂದು ನೀಲಿ. ಇನ್ನೊಂದು ಒಳಗೂ ಹೊರಗೂ ಕಂದು.

ಈ.ಐ. ಅಂದರೆ ಈಸ್ಟ್ ಇಂಡಿಯಾ. ಕಂಪನಿ ಸರ್ಕಾರ ಹೋಗಿ ಒಂದೂವರೆ ಶತಮಾನದ ಮೇಲಾಯಿತು, ಅದರ ಹೆಸರು ಇನ್ನೂ ಪೆರಿಯಮೇಟ್‌ನ ಒಂದು ತೊಗಲಿಗೆ ಅಂಟಿಕೊಂಡಿದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಓದು.

ಹಸಿ ಚರ್ಮ ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಅದನ್ನು ಕೊಳೆಯದ, ಬಾಗುವ ತೊಗಲಾಗಿ ಹದ ಮಾಡಲು ಮದರಾಸು ಸೀಮೆಯವರು ಬಳಸುತ್ತಿದ್ದದ್ದು ಒಂದು ಗಿಡದ ತೊಗಟೆ. ತಮಿಳಿನಲ್ಲಿ ಆವಾರಂ. ನಮ್ಮಲ್ಲಿ ತಂಗಡಿ, ಆವರಿಕೆ ಅಂತಾರಲ್ಲ, ಬಯಲುಸೀಮೆಯ ರಸ್ತೆ ಪಕ್ಕ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ದನ ಬಾಯಿ ಹಾಕುವುದಿಲ್ಲ, ಮಳೆ ಕೈಕೊಟ್ಟರೂ ಸಾಯುವುದಿಲ್ಲ. ಚಿಕ್ಕಂದಿನಲ್ಲಿ ನಾನು ಅದನ್ನು ದಾರಿಯ ಕಳೆ ಅಂದುಕೊಂಡಿದ್ದೆ. ಆದರೆ ಹಳೆಯ ಮೈಸೂರು ಸಂಸ್ಥಾನದಲ್ಲಿ ತಂಗಡಿ ತೊಗಟೆ ಮಾರುವ ಸರಕಾಗಿತ್ತು. ಇಂಗ್ಲಿಷಿನಲ್ಲಂತೂ ಆ ಗಿಡಕ್ಕೆ ಚರ್ಮ ಹದ ಮಾಡುವವರ ಹೆಸರನ್ನೇ ಇಟ್ಟು 'ಟ್ಯಾನರ್ಸ್ ಕ್ಯಾಸಿಯಾ' ಅಂತ ಕರೆದರು.

ಕ್ರಮ ಹೀಗೆ. ಚರ್ಮವನ್ನು ನೀರಿನಲ್ಲಿ ನೆನೆಸಿ, ಸುಣ್ಣದ ಗುಂಡಿಯಲ್ಲಿಟ್ಟು ಕೂದಲು ಸಡಿಲ ಮಾಡಿ, ಕೂದಲನ್ನೂ ಒಳಮೈಯ ಮಾಂಸವನ್ನೂ ಕೈಯಿಂದ ಹೆರೆದು ತೆಗೆಯುವುದು. ಆಮೇಲೆ ತಂಗಡಿ ತೊಗಟೆಯ ಕಷಾಯ ತುಂಬಿದ ಗುಂಡಿಗಳಲ್ಲಿ ವಾರಗಟ್ಟಲೆ ಹೊರಳಿಸುವುದು. ಬಳಿಕ ಅಳಲೆಕಾಯಿಯ ನೀರು. ಕೊನೆಗೆ ಎಳ್ಳೆಣ್ಣೆಯನ್ನೋ ಹೊಂಗೆ ಎಣ್ಣೆಯನ್ನೋ ತಿಕ್ಕಿ ನೆರಳಲ್ಲಿ ಒಣಗಿಸುವುದು. ಹೀಗೆ ಅರ್ಧ ಹದವಾದ ತೊಗಲು ಮದರಾಸಿನ ಬಂದರಿನಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಬಣ್ಣ, ಹೊಳಪು ಹಚ್ಚಿಸಿಕೊಂಡು ಬೂಟು, ಚೀಲ ಆಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳಿಗೆ ಈ ತೊಗಲು ಎಷ್ಟು ಬೇಕಾಯಿತೆಂದರೆ, 1916ರ ಹೊತ್ತಿಗೆ ಅದರ ಖರೀದಿಯನ್ನು ಸರ್ಕಾರವೇ ಕೈಗೆ ತೆಗೆದುಕೊಂಡಿತು. ನಮ್ಮ ತಂಗಡಿ ಗಿಡ ಯುದ್ಧಕ್ಕೂ ಹೋಗಿತ್ತು ಅನ್ನಿ!

ಅಷ್ಟರಲ್ಲಿ ಇನ್ನೊಂದು ವಿದ್ಯೆ ಬಂದಿತ್ತು. 1884ರಲ್ಲಿ ನ್ಯೂಯಾರ್ಕಿನ ಅಗಸ್ಟಸ್ ಶುಲ್ಟ್ಸ್ ಎಂಬ ರಸಾಯನಜ್ಞ ತೊಗಟೆಯ ಬದಲು ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ಪೇಟೆಂಟ್ ಪಡೆದ. 1893ರಲ್ಲಿ ಮಾರ್ಟಿನ್ ಡೆನಿಸ್ ಅದನ್ನು ಇನ್ನೂ ಸುಲಭ ಮಾಡಿದ. ವಾರಗಟ್ಟಲೆಯ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ತೊಗಲೂ ಮೃದು, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅಮೆರಿಕದವರು ಮದರಾಸಿನಿಂದ ಹದವಾದ ಆಡಿನ ತೊಗಲಿನ ಬದಲು ಹಸಿ ಚರ್ಮವನ್ನೇ ಕೊಳ್ಳತೊಡಗಿದರು. ಇಲ್ಲಿನ ಹದ ಮಾಡುವವರ ಹೊಟ್ಟೆಗೆ ಪೆಟ್ಟು ಬಿತ್ತು.

ಆಗ ಬರುತ್ತಾರೆ ಆಲ್ಫ್ರೆಡ್ ಚಾಟರ್ಟನ್. ಮದರಾಸಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದವರು. 1898ರಲ್ಲಿ ಇಲ್ಲಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಶುರು ಮಾಡಿದರು. 1903ರಲ್ಲಿ ಕ್ರೋಮ್ ಹದದ ಪ್ರಯೋಗಕ್ಕೆ ಕೈ ಹಾಕಿದರು. ಯಾಕೆ ಗೊತ್ತೆ? ಶೂಗಾಗಿ ಅಲ್ಲ, ಕಪಿಲೆಗಾಗಿ! ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಚರ್ಮದ ಚೀಲ ಸದಾ ನೀರಿನಲ್ಲಿ ನೆನೆದು ಬೇಗ ಹಾಳಾಗುತ್ತಿತ್ತು. ಕ್ರೋಮ್ ತೊಗಲಾದರೆ ನೀರಿಗೆ ತಡೆದೀತು, ರೈತನಿಗೆ ಖರ್ಚು ಉಳಿದೀತು ಎಂಬುದು ಅವರ ಲೆಕ್ಕ.

ಆದರೆ ಸರ್ಕಾರವೇ ಕಾರ್ಖಾನೆ ನಡೆಸುವುದು ಮದರಾಸಿನ ಬಿಳಿ ವ್ಯಾಪಾರಿಗಳಿಗೆ ಹಿಡಿಸಲಿಲ್ಲ. 1910ರಲ್ಲಿ ಲಂಡನ್ನಿನಿಂದ ಭಾರತ ಮಂತ್ರಿ ಲಾರ್ಡ್ ಮಾರ್ಲೆ, ಕಲಿಸುವುದಷ್ಟೇ ಸರ್ಕಾರದ ಕೆಲಸ, ಉದ್ಯಮ ನಡೆಸುವುದಲ್ಲ ಎಂದು ತಡೆ ಹಾಕಿದರು. ಚಾಟರ್ಟನ್ ಮುಂದೆ ಎಲ್ಲಿಗೆ ಬಂದರು ಹೇಳಿ? ನಮ್ಮ ಮೈಸೂರಿಗೆ! ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. 1916ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಯ ಹಿಂದೆ ಅವರ ಕೈಯಿತ್ತು. ಮದರಾಸು ಬೇಡವೆಂದ ಮನುಷ್ಯನನ್ನು ಮೈಸೂರು ಕರೆದು ಕೂರಿಸಿಕೊಂಡಿತು ಅಂತ ಓದಿದಾಗ, ನಲವತ್ತು ವರ್ಷ ಮದರಾಸಿನ ಅನ್ನ ತಿಂದ ನನಗೂ ಸ್ವಲ್ಪ ಕುಶಿಯೇ ಆಯಿತು, ಸುಳ್ಳೇಕೆ ಹೇಳಲಿ.

ಸರ್ಕಾರ ಬಿಟ್ಟದ್ದನ್ನು ಖಾಸಗಿಯವರು ಹಿಡಿದರು. 1912ರಲ್ಲಿ ಜಿ.ಎ. ಚೇಂಬರ್ಸ್ ಪಲ್ಲಾವರದ ಪಕ್ಕದಲ್ಲಿ ಕ್ರೋಮ್ ಲೆದರ್ ಕಂಪನಿ ಶುರು ಮಾಡಿದರು. ಅದರ ಸುತ್ತ ಬೆಳೆದ ಊರೇ ಕ್ರೋಂಪೇಟೆ. ಲೋಕಲ್ ಟ್ರೈನಿನಲ್ಲಿ ಎಷ್ಟು ಸಲ ಆ ಬೋರ್ಡು ಓದಿದ್ದೇನೋ! ಒಂದು ರಸಾಯನದ ಹೆಸರು ಹೊತ್ತ ಊರು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅಡ್ಯಾರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹುಟ್ಟಿತು. ಅದನ್ನು ಹೆಸರುವಾಸಿ ಮಾಡಿದವರು 1958ರಿಂದ 1971ರವರೆಗೆ ನಿರ್ದೇಶಕರಾಗಿದ್ದ ಯಲವರ್ತಿ ನಾಯುಡಮ್ಮ. ಗುಂಟೂರು ಸೀಮೆಯ ರೈತರ ಮನೆಯ ಹುಡುಗ, ಆ ಕಾಲದಲ್ಲಿ ಚರ್ಮದ ವಿಜ್ಞಾನವನ್ನೇ ಆರಿಸಿಕೊಂಡು ಓದಿದವರು. 1985ರ ಜೂನ್ 23ರಂದು ಐರ್ಲೆಂಡಿನ ಬಳಿ ಬಾಂಬಿಗೆ ಸಿಕ್ಕಿದ ಏರ್ ಇಂಡಿಯಾ 'ಕನಿಷ್ಕ' ವಿಮಾನದಲ್ಲಿ ಹೋದ 329 ಜನರಲ್ಲಿ ಅವರೂ ಒಬ್ಬರು. ಆ ಸುದ್ದಿ ಬಂದ ದಿನ ನಮ್ಮ ಆಫೀಸಿನಲ್ಲಿ ಯಾರಿಗೂ ಕೆಲಸ ಸಾಗಲಿಲ್ಲ.

1970ರ ದಶಕದಲ್ಲಿ ಸೀತಾರಾಮಯ್ಯ ಸಮಿತಿಯ ಮಾತಿನಂತೆ, ಅರ್ಧ ಹದವಾದ ತೊಗಲನ್ನು ಹೊರಗೆ ಕಳಿಸುವ ಬದಲು ಪೂರ್ತಿ ತಯಾರಾದ ಸರಕನ್ನೇ ಕಳಿಸಬೇಕು ಎಂಬ ನೀತಿ ಬಂತು. ಈ.ಐ. ತೊಗಲಿನ ದೊಡ್ಡ ದಿನಗಳು ಅಲ್ಲಿಗೆ ಮುಗಿದವು. ತಂಗಡಿ ತೊಗಟೆಯ ಜಾಗಕ್ಕೆ ಅದಕ್ಕೂ ಮೊದಲೇ ವಾಟಲ್ ಮರದ ತೊಗಟೆ ಬಂದಿತ್ತು. ಈಗ ತಿರುಚಿ, ದಿಂಡಿಗಲ್ ಕಡೆ ಒಂದಷ್ಟು ಜನ ಆ ಹಳೆಯ ಹದವನ್ನು ಉಳಿಸಿಕೊಂಡಿದ್ದಾರೆ, ಅದಕ್ಕೆ ಜಿಐ ಗುರುತೂ ಸಿಕ್ಕಿದೆ. ಬಾಯ್ ನನಗೆ ಕೊಟ್ಟ ಪಟ್ಟಿ ತಿರುಚಿಯದು.

ಉಳಿದದ್ದೆಲ್ಲ ಕ್ರೋಮ್. ಅದರ ಕಥೆ ಓದಲು ಹೋದರೆ ಪಾಲಾರ್ ನದಿಗೆ ಬಂದು ನಿಲ್ಲುತ್ತೀರಿ. ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೆಜಿಎಫ್‌ಗೆ ನೀರು ಕೊಟ್ಟ ಬೇತಮಂಗಲದ ಕೆರೆ ಅದರದೇ. ಕೋಲಾರ ದಾಟಿ, ಆಂಧ್ರದ ಮೂಲೆ ಹಾದು ತಮಿಳುನಾಡಿಗೆ ಇಳಿದರೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ. ಎಲ್ಲ 'ತೋಲ್ ಷಾಪ್'ಗಳ ಊರು. ತೋಲ್ ಅಂದರೆ ನಮ್ಮ ತೊಗಲೇ. ಬೆಂಗಳೂರು ರೈಲಿನಲ್ಲಿ ಹೋಗುವಾಗ ಆ ಊರುಗಳು ಬಂದರೆ ನಾವು ಕಿಟಕಿ ಹಾಕಿ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಅಲ್ಲೇ ಇರುವವರು ಯಾವ ಕಿಟಕಿ ಹಾಕಬೇಕು? ಬಾವಿ ನೀರು ಕೆಟ್ಟು, ಹೊಲ ಕೆಟ್ಟು ಅಲ್ಲಿನ ಜನ ಸುಪ್ರೀಂ ಕೋರ್ಟಿಗೆ ಹೋದರು. 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ, ಹಾಳು ಮಾಡಿದವನೇ ಬೆಲೆ ತೆರಬೇಕು ಎಂಬ ತತ್ವವನ್ನು ನಮ್ಮ ಕಾನೂನಿನ ಭಾಗವೆಂದು ಸಾರಿ, ಐದು ಜಿಲ್ಲೆಗಳ ಒಂದೊಂದು ಟ್ಯಾನರಿಗೂ 10,000 ರೂಪಾಯಿ ದಂಡ ಹಾಕಿತು. ಆದರೂ 2015ರ ಜನವರಿ 31ರಂದು ರಾಣಿಪೇಟೆಯಲ್ಲಿ ಟ್ಯಾನರಿ ಕೊಳಚೆಯ ತೊಟ್ಟಿಯ ಗೋಡೆ ಒಡೆದು ಹತ್ತು ಜನ ಕಾರ್ಮಿಕರು ಸತ್ತರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ವೆಲ್ಲೂರಿನ ಜನರಿಗೆ ಪರಿಹಾರ ಕೊಡಿ ಎಂದು ಹೇಳಬೇಕಾಯಿತು. ನನ್ನ ಕಾಲಿನ ಶೂ ಎಲ್ಲಿಂದ ಬಂತು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಇರಲಿ, ಹಡಪಕ್ಕೆ ವಾಪಸು ಬರೋಣ.

ನಾನು ಬಂದ ಹೊಸದರಲ್ಲಿ ತಿರುವಲ್ಲಿಕೇಣಿಯ ಮ್ಯಾನ್ಷನ್ ಒಂದರಲ್ಲಿದ್ದೆ. ಕೆಳಗಿನ ಕಟಿಂಗ್ ಶಾಪಿನಲ್ಲಿ ಕುರ್ಚಿಯ ಪಕ್ಕ ತೊಗಲಿನ ಪಟ್ಟಿ ನೇತಾಡುತ್ತಿತ್ತು. ಕತ್ತಿ ಅದರ ಮೇಲೆ ಓಡುವಾಗ ಬರುವ ಚಟ್-ಚಟ್ ಸದ್ದು ಕೇಳಿದರೆ ನನಗೆ ಊರು ನೆನಪಾಗುತ್ತಿತ್ತು. 1986ರಲ್ಲಿ ಇದೇ ಊರಿನ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದಲ್ಲೇ ಮೊದಲ ಸಲ ಎಚ್ಐವಿ ಸೋಂಕನ್ನು ಪತ್ತೆ ಮಾಡಿದರು. ಆಮೇಲಿನ ವರ್ಷಗಳಲ್ಲಿ ಭಯ ಕಟಿಂಗ್ ಶಾಪಿಗೂ ಬಂತು. "ಹೊಸ ಬ್ಲೇಡ್ ಹಾಕಪ್ಪಾ" ಅನ್ನುವುದು ಎಲ್ಲರ ಬಾಯಲ್ಲಿ. ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಕತ್ತಿ ಬಂತು. ಮಸೆಯುವ ಕತ್ತಿ ಹೋಯಿತು, ಅದರ ಜೊತೆ ಪಟ್ಟಿಯೂ ಹೋಯಿತು. ಅದು ಸರಿಯಾದದ್ದೇ. ಆದರೆ ಒಂದು ದಿನ ನೋಡಿದರೆ ಗೋಡೆಯಲ್ಲಿ ಬರೀ ಮೊಳೆ ಇತ್ತು.

ಊರಿನ ನೆನಪು ಇಷ್ಟು ಸುಲಭದ್ದಲ್ಲ. ನಮ್ಮ ಮನೆಗೆ ಬರುತ್ತಿದ್ದ ಕ್ಷೌರಿಕರು ಹಿತ್ತಲ ಬಾಗಿಲಿಗೆ ಬಂದು ತೆಂಗಿನ ಮರದ ಕೆಳಗೆ ಹಡಪ ಬಿಚ್ಚುತ್ತಿದ್ದರು. ಅಜ್ಜನ ವಯಸ್ಸಿನವರು. ಐದು ವರ್ಷದ ನಾವೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಒಮ್ಮೆ ಆ ಪಟ್ಟಿ ಹೇಗಿದೆ ಅಂತ ನಾನು ಮುಟ್ಟಿ ನೋಡಿದೆ. ಹೇಗೂ ಕ್ಷೌರದ ದಿನ, ಸ್ನಾನ ಆಗಲೇಬೇಕಿತ್ತು. ಆದರೂ ಅಜ್ಜಿ ಎರಡು ಕೊಡ ಜಾಸ್ತಿ ಸುರಿದರು, "ಚರ್ಮ ಮುಟ್ಟಿದಾನೆ" ಅಂತ. ಅವರು ಪಟ್ಟಿಯನ್ನು ಸುತ್ತಿ ಒಳಗಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅದೇ ನಮ್ಮ ತೋಟದ ಬಾವಿಗೆ ಕಪಿಲೆ ಇತ್ತು. ಚೀಲ ಚರ್ಮದ್ದು, ಮಿಣಿ ಚರ್ಮದ್ದು. ಆ ನೀರಿನಲ್ಲಿ ಬೆಳೆದ ಬಾಳೆಗೊನೆ ದೇವರ ಮುಂದೆ ಹೋಗುತ್ತಿತ್ತು. ಅದಕ್ಕೆ ಯಾರೂ ಕೊಡ ಸುರಿದು ಮಡಿ ಮಾಡಿದ್ದು ನಾನು ನೋಡಿಲ್ಲ. ಮದರಾಸಿನಲ್ಲೂ ಅಷ್ಟೇ ಅಲ್ಲವೇ? ಡಿಸೆಂಬರ್ ಸೀಸನ್ನಿನಲ್ಲಿ ಸಭೆಯ ಮುಂದಿನ ಸಾಲಿನಲ್ಲಿ ಕೂತು ಮೃದಂಗಕ್ಕೆ ತಲೆದೂಗುತ್ತೇವೆ. ಅದರ ತೊಗಲನ್ನು ಆರಿಸಿ, ಬಿಗಿದು, ನಾದ ಬರುವ ಹಾಗೆ ಮಾಡಿದವರ ಬಗ್ಗೆ ಒಂದು ಪುಸ್ತಕ ಬರಲು, ಟಿ.ಎಂ. ಕೃಷ್ಣ ಅವರ 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರಲು, 2020 ಆಗಬೇಕಾಯಿತು. ನಮ್ಮವರೇನು ಇದನ್ನು ಕಾಣದವರಲ್ಲ. ಹನ್ನೆರಡನೇ ಶತಮಾನದಲ್ಲೇ ಕಲ್ಯಾಣದಲ್ಲಿ ತೊಗಲಿನ ಕೆಲಸದ ಹರಳಯ್ಯನವರನ್ನೂ ಹಡಪದ ಅಪ್ಪಣ್ಣನವರನ್ನೂ ಶರಣರೆಂದು ಕೂರಿಸಿಕೊಂಡ ನಾಡು ನಮ್ಮದು. ಕೂರಿಸಿಕೊಂಡದ್ದಕ್ಕೆ ಏನಾಯಿತು ಅನ್ನುವುದೂ ನಿಮಗೆ ಗೊತ್ತಿದೆ.

ಸರಿ, ಪಟ್ಟಿ ಮಾಡಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಒಂದಡಿ ಉದ್ದ, ಎರಡೂವರೆ ಇಂಚು ಅಗಲದ ಸಮತಟ್ಟಾದ ಮರದ ತುಂಡು. ಎರಡು ಮೂರು ಮಿಲಿಮೀಟರ್ ದಪ್ಪದ, ತೊಗಟೆಯಿಂದ ಹದ ಮಾಡಿದ ತೊಗಲು. ಎರಡಕ್ಕೂ ಚಪ್ಪಲಿ ಅಂಟಿಸುವ ಗೋಂದು ತೆಳ್ಳಗೆ ಹಚ್ಚಿ, ಸ್ವಲ್ಪ ಆರಲು ಬಿಟ್ಟು ಒತ್ತಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ತೊಗಲಿನ ಒರಟು ಮೈ ಮೇಲಿದ್ದರೆ ಲೋಹಕ್ಕೆ ಪಾಲಿಶ್ ಹಾಕುವವರ ಹಸಿರು ಕಡ್ಡಿಯನ್ನು ಅದರ ಮೇಲೆ ಬಳಪದಂತೆ ಉಜ್ಜಿ. ಆ ಹಸಿರೂ ಕ್ರೋಮಿಯಂನದೇ, ಕ್ರೋಮಿಯಂ ಆಕ್ಸೈಡ್! ಬಾಗಿಲಲ್ಲಿ ಬೇಡವೆಂದರೆ ಕಿಟಕಿಯಲ್ಲಿ ಬಂತು.

ಚಾಕುವನ್ನು ಮೊದಲು ಕಲ್ಲಿನಲ್ಲಿ ಮಸೆದಿರಬೇಕು, ಮೊಂಡು ಚಾಕುವನ್ನು ತೊಗಲು ಹರಿತ ಮಾಡುವುದಿಲ್ಲ. ಎಳೆಯುವಾಗ ಚಾಕುವಿನ ಬೆನ್ನು ಮುಂದಿರಲಿ, ಬಾಯಿ ಹಿಂದೆ ಬರಲಿ. ತಪ್ಪಿದರೆ ತೊಗಲು ಕುಯ್ದು ಹೋಗುತ್ತದೆ. ಭಾರ ಹಾಕಬೇಡಿ. ಕೊನೆಯಲ್ಲಿ ಚಾಕುವಿನ ಬೆನ್ನನ್ನು ಮೇಲೆತ್ತಿ ತಿರುಗಿಸಬೇಡಿ, ನಾನು ಮೊದಲು ಮಾಡಿದ ತಪ್ಪು ಅದೇ, ಅಂಚು ದುಂಡಗಾಗುತ್ತದೆ. ಒಂದೊಂದು ಪಕ್ಕಕ್ಕೆ ಹತ್ತು ಹದಿನೈದು ಸಲ ಸಾಕು.

ಮೊನ್ನೆ ಶನಿವಾರ ಮಾಡಿ ಮುಗಿಸಿದೆ. ಟೊಮೇಟೊ ಬೆಣ್ಣೆಯಂತೆ ಸೀಳಿತು. ಹೆಂಡತಿ ಕೂಡ "ಪರವಾಗಿಲ್ವೇ" ಅಂದಳು. ಪಟ್ಟಿಗೆ ಮೇಲೊಂದು ತೂತು ಕೊರೆದು ಅಡುಗೆಮನೆಯಲ್ಲಿ ಮಣೆ ಪಕ್ಕ ಮೊಳೆಗೆ ನೇತು ಹಾಕಿದೆ.

ನಮ್ಮಮ್ಮ ನಮ್ಮ ಜೊತೆಯಲ್ಲೇ ಇದ್ದಾರೆ, ತೊಂಬತ್ತರ ಹತ್ತಿರ. ಸಂಜೆ ಗೋಡೆ ಹಿಡಿದು ನಡೆಯುತ್ತಾ ಅಡುಗೆಮನೆಗೆ ಬಂದವರು ಅದನ್ನು ನೋಡಿ ನಿಂತರು. "ಅದೇನೋ ಅದು?" ಅಂದರು. ಹೇಳಿದೆ. "ಚರ್ಮವಾ?" ಅಂದರು. ಹೌದಮ್ಮಾ ಅಂದೆ. ತಂಗಡಿ ಗಿಡ, ಕಪಿಲೆ, ನಂದಿಬೆಟ್ಟ ಎಲ್ಲ ನಾಲಗೆಯ ತುದಿಯಲ್ಲಿತ್ತು. ಅವರು ಸಿಟ್ಟಾಗಲಿಲ್ಲ. "ಒಳಗೆ ಬೇಡ ಕಣೋ. ಹೊರಗಿಡು" ಅಂದರು, ಅಷ್ಟೇ.

ನಾನು ಏನೂ ಮಾತಾಡಲಿಲ್ಲ. ತೆಗೆದುಕೊಂಡು ಹೋಗಿ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಮೇಲಿನ ಮೊಳೆಗೆ ಹಾಕಿದೆ. ಆಗ ಹಿತ್ತಲು, ಈಗ ಬಾಲ್ಕನಿ. ಆ ವಯಸ್ಸಿನ ಅಮ್ಮನ ಜೊತೆ ವಾದ ಯಾಕೆ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಅಜ್ಜಿಯ ಜೊತೆ ನಮ್ಮಪ್ಪನೂ ಇದೇ ಕಾರಣಕ್ಕೆ ಸುಮ್ಮನಿದ್ದಿರಬೇಕು ಅಂತ ಅನ್ನಿಸಿ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಈಗ ದಿನಾ ಬೆಳಿಗ್ಗೆ ಬಾಲ್ಕನಿಗೆ ಹೋಗಿ ಚಾಕು ಎಳೆದು ಬರುತ್ತೇನೆ. ಚಟ್-ಚಟ್ ಸದ್ದು ಒಳಗೆ ಕೇಳುತ್ತದೆ. ಅಮ್ಮ ಏನೂ ಅನ್ನುವುದಿಲ್ಲ, ಹೆಚ್ಚಿದ ಬೀನ್ಸು ಸಣ್ಣಗಿದೆ ಅಂತ ಮಾತ್ರ ಹೇಳಿದರು.

ಅಂದ ಹಾಗೆ, ನಿಮ್ಮ ಊರಿನ ಕ್ಷೌರಿಕರು ಆ ಪಟ್ಟಿಗೆ ಏನೆಂದು ಕರೆಯುತ್ತಿದ್ದರು? ಕಲ್ಲಿಗೆ ಮಸೆಗಲ್ಲು, ಚೀಲಕ್ಕೆ ಹಡಪ ಅನ್ನುವುದು ನೆನಪಿದೆ. ಪಟ್ಟಿಯ ಹೆಸರು ಮಾತ್ರ ನಾನು ಅವರನ್ನು ಕೇಳಿಯೇ ಇರಲಿಲ್ಲ. ಗೊತ್ತಿದ್ದವರು ದಯವಿಟ್ಟು ತಿಳಿಸಿ.